ಗಾಳಿಗೆ ಲೈಸೆನ್ಸ್ ಬೇಕು, ತಂತಿಗೆ ಬೇಡ

ಸಣ್ಣ ಆಫೀಸಿಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಹಾಕಿಕೊಡೋವಾಗ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ಮಷಿನ್ ನಮ್ದು, ವಿಂಡೋಸ್ ಸರ್ವರ್‌ಗೂ ದುಡ್ಡು ಕೊಟ್ಟಾಯ್ತು. ಮತ್ತೆ ತಲೆಗಿಷ್ಟು ಅಂತ ಯಾಕೆ ಕೊಡ್ಬೇಕು ಸಾರ್?" ಬಂಗಾರಪೇಟೆಯ ಮಂಡಿಯವರೂ ಕೇಳ್ತಾರೆ, ವೈಟ್‌ಫೀಲ್ಡಿನ ಸ್ಟಾರ್ಟಪ್‌ನವರೂ ಕೇಳ್ತಾರೆ.

ಸೆಟಪ್ ಅರ್ಧ ದಿನದ ಕೆಲಸ. ಸೆಷನ್ ಹೋಸ್ಟ್ ಹಾಕಿ, ಟ್ಯಾಲಿ ಹಾಕಿ, ಹೊರಗಿನಿಂದ ಬರೋರಿಗೆ ವಿಪಿಎನ್ ಕೊಟ್ರೆ ಮುಗೀತು. (3389ನೇ ಪೋರ್ಟನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡೋರು ಇನ್ನೂ ಇದ್ದಾರೆ, ಅವರಿಗೆ ದೇವರೇ ದಿಕ್ಕು.) ತಲೆ ಕೆಡೋದು ಲೈಸೆನ್ಸ್ ಹತ್ರ. ಸರ್ವರ್ ನೋಡಿಕೊಳ್ಳೋಕೆ ಏಕಕಾಲಕ್ಕೆ ಇಬ್ಬರು ಬರಬಹುದು. ಕೂತು ದಿನದ ಕೆಲಸ ಮಾಡೋರಿಗೆಲ್ಲ 'ಕ್ಯಾಲ್' ಅನ್ನೋ ಪರವಾನಗಿ ಬೇಕು, ಅದನ್ನ ಆಳಿನ ಲೆಕ್ಕದಲ್ಲೂ ಕೊಳ್ಳಬಹುದು, ಯಂತ್ರದ ಲೆಕ್ಕದಲ್ಲೂ ಕೊಳ್ಳಬಹುದು. ಮೊದಲ 120 ದಿನ ಸರ್ವರ್ ಏನೂ ಕೇಳಲ್ಲ. ಆಮೇಲೆ ಒಂದು ಬೆಳಗ್ಗೆ ಬಾಗಿಲು ಹಾಕಿಬಿಡುತ್ತೆ.

ಈ ವ್ಯವಸ್ಥೆಯ ಹುಟ್ಟಿನಲ್ಲೇ ಲೈಸೆನ್ಸ್ ಇದೆ. 1989ರಲ್ಲಿ ಐಬಿಎಂ ಬಿಟ್ಟುಬಂದ ಎಡ್ ಇಯಾಕೊಬುಚಿ ಸಿಟ್ರಿಕ್ಸ್ ಕಟ್ಟಿದರು. ಮೈಕ್ರೋಸಾಫ್ಟ್‌ನಿಂದ ಎನ್‌ಟಿಯ ಲೈಸೆನ್ಸ್ ಪಡೆದು, ಒಂದೇ ವಿಂಡೋಸ್ ಮೇಲೆ ಹಲವರು ಕೂರುವಂತೆ ಮಾಡಿ 1995ರಲ್ಲಿ ವಿನ್‌ಫ್ರೇಮ್ ಹೊರತಂದರು. 1997ರಲ್ಲಿ ಮೈಕ್ರೋಸಾಫ್ಟೇ ಆ ತಂತ್ರಜ್ಞಾನಕ್ಕೆ ಸಿಟ್ರಿಕ್ಸ್‌ಗೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಿತು. 1998ರಲ್ಲಿ ಟರ್ಮಿನಲ್ ಸರ್ವರ್ ಬಂತು. ಕೆಲಸವೆಲ್ಲ ಒಂದು ಪೆಟ್ಟಿಗೆಯಲ್ಲಿ, ಎದುರಿಗಿರೋದು ಬರೀ ನೋಡುವ ಪರದೆ.

ಆದರೆ ಹೀಗೆ ಒಂದು ಕಡೆ ಪೆಟ್ಟಿಗೆ, ಇನ್ನೊಂದು ಕಡೆ ನೋಡುವ ಅಥವಾ ಕೇಳುವ ಸಾಧನ, ಪ್ರತಿ ಸಾಧನಕ್ಕೂ ಲೈಸೆನ್ಸ್ ಅನ್ನೋದು ನಮ್ಮ ಹಿರಿಯರಿಗೆ ಹೊಸದೇನಲ್ಲ. ರೇಡಿಯೋ ನೆನಪು ಮಾಡ್ಕೊಳ್ಳಿ. 1933ರ ವೈರ್‌ಲೆಸ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಯಂತ್ರ ಮನೆಯಲ್ಲಿ ಇಟ್ಟುಕೊಳ್ಳೋದೇ ತಪ್ಪಾಗಿತ್ತು. ಹಾಗಾಗಿ ಪ್ರತಿ ವರ್ಷ ಪೋಸ್ಟ್ ಆಫೀಸಿಗೆ ಹೋಗಿ, ದುಡ್ಡು ಕಟ್ಟಿ, ಪುಟ್ಟ ಪುಸ್ತಕದಲ್ಲಿ ಸ್ಟ್ಯಾಂಪ್ ಹಾಕಿಸಿಕೊಂಡು ಬರಬೇಕಿತ್ತು. ಪಕ್ಕಾ ಡಿವೈಸ್ ಕ್ಯಾಲ್! 1980ರ ದಶಕದಲ್ಲಿ ಅದು ರದ್ದಾಯ್ತು. ಕೇಳುವವರು ಬಿಡುಗಡೆಯಾದರು, ಮಾತಾಡುವವರು ಆಗಲಿಲ್ಲ.

ಅದರ ಬಿಸಿ ತಟ್ಟಿದ್ದು ಬಂಗಾರಪೇಟೆ ಪಕ್ಕದ ಬೂದಿಕೋಟೆಗೆ. ಹೈದರಾಲಿ ಹುಟ್ಟಿದ ಊರು ಅಂತ ಶಾಲೆಯಲ್ಲಿ ಓದಿರ್ತೀರಿ. ನನಗೆ ಆ ಊರು ಮುಖ್ಯ ಅನ್ನಿಸೋದು 'ನಮ್ಮ ಧ್ವನಿ'ಯಿಂದ. ಮೈರಾಡ, ಬೆಂಗಳೂರಿನ ವಾಯ್ಸಸ್ ಸಂಸ್ಥೆ ಮತ್ತು ಯುನೆಸ್ಕೋ ಸೇರಿ 2000ದ ದಶಕದ ಶುರುವಿನಲ್ಲಿ ಅಲ್ಲೊಂದು ಸ್ಟುಡಿಯೋ ಮಾಡಿದವು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗರು ಕೂತು ಬೆಳೆ, ಆರೋಗ್ಯ, ಸಂಘದ ಉಳಿತಾಯ ಇವುಗಳ ಮೇಲೆ ಕಾರ್ಯಕ್ರಮ ಮಾಡೋಕೆ ಶುರು ಮಾಡಿದರು. ಮೈಕು, ಮಿಕ್ಸರು, ಕಂಪ್ಯೂಟರು ಎಲ್ಲಾ ಇತ್ತು. ಇಲ್ಲದ್ದು ಒಂದೇ, ಪ್ರಸಾರದ ಅನುಮತಿ.

ತಮಾಷೆ ನೋಡಿ. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ 2002ರ ಕೊನೆಯಲ್ಲಿ ಸರ್ಕಾರ ಸಮುದಾಯ ರೇಡಿಯೋಗೆ ಒಪ್ಪಿದಾಗ ಅದು ಸಿಕ್ಕಿದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ. ಕಾಲೇಜಿನ ಕ್ಯಾಂಪಸ್ ಮಾತಾಡಬಹುದು, ಹಳ್ಳಿಯ ಸಂಘ ಮಾತಾಡಬಾರದು!

ಬೂದಿಕೋಟೆಯವರು ಏನು ಮಾಡಿದರು? ಮೊದಲು ಕ್ಯಾಸೆಟ್. ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಹಾಕೋದು, ಸಂತೆ ದಿನ ಲೌಡ್‌ಸ್ಪೀಕರಿನಲ್ಲಿ ಕೇಳಿಸೋದು. ಆಮೇಲೆ ನಿಜವಾದ ಎಂಜಿನಿಯರಿಂಗ್ ಬಂತು. ಲೈಸೆನ್ಸ್ ಬೇಕಿರೋದು ಗಾಳಿಗೆ ತಾನೇ? ಊರಲ್ಲಿ ಕೇಬಲ್ ಟಿವಿ ತಂತಿ ಹೇಗೂ ಇದೆ. ಕೇಬಲ್ ಕಾಯ್ದೆಯಲ್ಲಿ ಆಪರೇಟರ್ ಆಗ ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಣಿ ಮಾಡಿಸಿಕೊಂಡರೆ ಸಾಕಿತ್ತು. ಸ್ಟುಡಿಯೋದಿಂದ ಆ ತಂತಿಗೆ ಆಡಿಯೋ ಕೊಟ್ಟರು. 2003ರ ಹೊತ್ತಿಗೆ ಮನೆಯ ಟಿವಿಯಲ್ಲಿ ಚಿತ್ರವಿಲ್ಲದ ರೇಡಿಯೋ! ಶಾಲೆಗೂ ತಂತಿ ಎಳೆದರು. ಕುಡಿಯೋ ನೀರಿಲ್ಲ ಅಂತ ಹೆಂಗಸರು ಹೇಳಿದ್ದು ರೆಕಾರ್ಡ್ ಆಗಿ ಕೇಳಿಸಿದ ಮೇಲೆ ಪೈಪ್ ರಿಪೇರಿ ಆಯ್ತು. ದೊಡ್ಡ ದೊಡ್ಡ ಸಿಸ್ಟಮ್ ಡಿಸೈನ್ ಡಾಕ್ಯುಮೆಂಟ್ ಓದಿರೋ ನನಗೆ ಇದಕ್ಕಿಂತ ಚಂದದ ವರ್ಕ್‌ಅರೌಂಡ್ ಕಂಡಿಲ್ಲ.

ಬೆಲೆ ಇಲ್ಲದೆ ಅಲ್ಲ ಮಾತ್ರ. ಎಫ್‌ಎಂ ಆಗಿದ್ದರೆ ನೂರಿನ್ನೂರು ರೂಪಾಯಿಯ ಸೆಟ್ಟು ಸಾಕಿತ್ತು, ಹೊಲದಲ್ಲೂ ಕೇಳಬಹುದಿತ್ತು. ತಂತಿಯ ರೇಡಿಯೋಗೆ ಟಿವಿ ಬೇಕು, ತಿಂಗಳಾ ಕೇಬಲ್ ದುಡ್ಡು ಬೇಕು. ಅವೆರಡೂ ಇಲ್ಲದ ಮನೆ, ಅಂದರೆ ಯಾರ ಮಾತು ಕೇಳಿಸಬೇಕು ಅಂತ ಇದೆಲ್ಲ ಶುರುವಾಯ್ತೋ ಅದೇ ಮನೆ, ತಂತಿಯ ಆಚೆ ಉಳಿಯಿತು. ಯಾರು ಕೇಳಬೇಕು ಅನ್ನೋದನ್ನು ತೀರ್ಮಾನಿಸಿದ್ದು ದೆಹಲಿಯ ಒಂದು ಫೈಲು.

2006ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಆಗಿನ ಷರತ್ತುಗಳು ನಮ್ಮ ಸರ್ವರ್ ಲೈಸೆನ್ಸಿನಷ್ಟೇ ಉದ್ದ ಇದ್ದವು. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕಿತ್ತು, ಶಕ್ತಿ 100 ವ್ಯಾಟ್, ಆಂಟೆನಾ 30 ಮೀಟರ್, ಗಂಟೆಗೆ 5 ನಿಮಿಷ ಜಾಹೀರಾತು, ಸುದ್ದಿ ಓದುವಂತಿರಲಿಲ್ಲ. ತರಂಗಾಂತರಕ್ಕೆ ವರ್ಷಕ್ಕೆ 19,700 ರೂಪಾಯಿ ಇತ್ತು. 2012ರಲ್ಲಿ ಅದನ್ನು 91,000ಕ್ಕೆ ಏರಿಸಿದರು. ದೇಶದ ಸಮುದಾಯ ರೇಡಿಯೋದವರೆಲ್ಲ ಗಲಾಟೆ ಮಾಡಿದ ಮೇಲೆ ಮತ್ತೆ ಹಳೇ ದರಕ್ಕೆ ಇಳಿಸಿದರು.