ಫ್ರೆಡ್ಡಿ ಮರ್ಕ್ಯುರಿ (1946–1991)

ಜಾಂಜಿಬಾರಿನ ಪಾರ್ಸಿ ಮನೆಯಲ್ಲಿ ಹುಟ್ಟಿದ ಫರೋಖ್ ಬಲ್ಸಾರಾ (ಮುಂದೆ ಫ್ರೆಡ್ಡಿ ಮರ್ಕ್ಯುರಿ) ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ. ಗೆಳೆಯರೊಡನೆ ‘ಹೆಕ್ಟಿಕ್ಸ್’ ಎಂಬ ಮೊದಲ ತಂಡ ಕಟ್ಟಿದ್ದು ಅಲ್ಲಿನ ವಸತಿಶಾಲೆಯಲ್ಲೇ. ಜಾಂಜಿಬಾರಿನ 1964ರ ಕ್ರಾಂತಿಯ ಬಳಿಕ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. 1970ರಲ್ಲಿ ಮರ್ಕ್ಯುರಿಯವರ ‘ಕ್ವೀನ್’ ತಂಡ ಹುಟ್ಟಿತು.

1975ರ ‘ಬೊಹೀಮಿಯನ್ ರಾಪ್ಸಡಿ’ ಅವರ ಅತ್ಯಂತ ದಿಟ್ಟ ರಚನೆ. ಸುಮಾರು ಆರು ನಿಮಿಷದ ಈ ಹಾಡಿನಲ್ಲಿ ಮರಳಿ ಬರುವ ಪಲ್ಲವಿಯೇ ಇಲ್ಲ. ದೊಡ್ಡ ಮೇಳದಂತೆ ಕೇಳಿಸುವ ಒಪೆರಾ ಭಾಗವನ್ನು ಹಾಡಿದವರು ಮರ್ಕ್ಯುರಿ ಮತ್ತು ತಂಡದ ಬ್ರಯಾನ್ ಮೇ, ರೋಜರ್ ಟೇಲರ್, ಈ ಮೂವರೇ. ತಮ್ಮ ದನಿಗಳನ್ನು ಒಂದರ ಮೇಲೊಂದು ಮತ್ತೆ ಮತ್ತೆ ಮುದ್ರಿಸಿ ಅದನ್ನು ಕಟ್ಟಿದರು. ರೇಡಿಯೊಗೆ ತೀರಾ ಉದ್ದವೆಂಬ ಆಕ್ಷೇಪವಿದ್ದರೂ ಬ್ರಿಟನ್ನಿನಲ್ಲಿ ಒಂಬತ್ತು ವಾರ ಅದೇ ಮೊದಲ ಸ್ಥಾನದಲ್ಲಿತ್ತು.

ಏಡ್ಸ್‌ನಿಂದ ಉಂಟಾದ ನ್ಯುಮೋನಿಯಾದಿಂದ 1991ರ ನವೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಪಾರ್ಸಿ ಪುರೋಹಿತರಿಂದ ನಡೆಯಿತು.