ಬಳೆಗಾರರ ಗುಂಡಿನ ಮೇಲೊಂದು ರುಜು

ನಾವು ಮೂವರು ಗೆಳೆಯರು, ಮೂವರೂ ಸಾಫ್ಟ್‌ವೇರ್ ಮಂದಿ. ಶನಿವಾರ ಶನಿವಾರ ಕೂತು ಒಂದು ಕಿರುಚಿತ್ರಕ್ಕೆ ಚಿತ್ರಕಥೆ ಹೊಸೆಯುತ್ತಿದ್ದೆವು. ಅಶೋಕನ ಕಥೆ. ಕಳಿಂಗ ಯುದ್ಧ, ರಕ್ತ, ಪಶ್ಚಾತ್ತಾಪ... ದೃಶ್ಯಗಳೆಲ್ಲ ಎಕ್ಸೆಲ್ ಶೀಟಿನಲ್ಲಿ ಸಾಲಾಗಿ ನಿಂತಿದ್ದವು. ಒಬ್ಬ ಕೇಳಿದ, "ಎಲ್ಲಾ ಸರಿ ಗುರೂ, ಇದು ಯಾವುದರ ಬಗ್ಗೆ?" "ಅಶೋಕನ ಬಗ್ಗೆ" ಅಂದೆ. "ಅದು ವಿಷಯ ಆಯ್ತು. ಥೀಮ್ ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ.

ಚಳ್ಳಕೆರೆ ದಾಟಿ ಮೊಳಕಾಲ್ಮೂರಿನ ಕಡೆ ಹೋದರೆ ಬಂಡೆಗಳನ್ನು ಗುಡ್ಡೆ ಹಾಕಿದಂಥ ಬೆಟ್ಟಗಳು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದದ್ದು ಇಲ್ಲೇ ಅಂತ ಊರಿನವರ ನಂಬಿಕೆ. ಮೆಟ್ಟಿಲು ಹತ್ತಿದರೆ ರಾಮೇಶ್ವರನ ಗುಡಿ. ಗುಡಿಯ ಹತ್ತಿರ ಓರೆಯಾಗಿ ಮಲಗಿದ ಒಂದು ಬಂಡೆ ಇದೆ. ಬಿ. ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ಧಾಪುರಗಳ ಶಾಸನಗಳ ಜೊತೆಗೆ ಪತ್ತೆ ಹಚ್ಚಿದ ಅಶೋಕನ ಶಾಸನ ಇದರ ಮೇಲಿದೆ. ಜಾತ್ರೆಯಲ್ಲಿ ಬಳೆಗಾರರು ಇದರ ಮೇಲೇ ಅಂಗಡಿ ಹರಡುತ್ತಿದ್ದರಂತೆ. ಅದಕ್ಕೇ ಇದು ಬಳೆಗಾರರ ಗುಂಡು. ಚಕ್ರವರ್ತಿಯ ಆಜ್ಞೆಯ ಮೇಲೆ ಕೂತು ಹಸಿರು ಬಳೆ ತೊಡಿಸುತ್ತಿದ್ದರು ಅನ್ನಿ! ಅಕ್ಷರಗಳು ಎಷ್ಟು ಸವೆದಿವೆಯೆಂದರೆ, ಪೂರ್ತಿ ಓದಲು ಪಕ್ಕದ ಬ್ರಹ್ಮಗಿರಿಯ ಪಾಠವನ್ನು ಜೊತೆಗಿಟ್ಟುಕೊಳ್ಳಬೇಕು.

ಆ ಪಾಠದಲ್ಲಿ ಕಳಿಂಗದ ಸುದ್ದಿಯೇ ಇಲ್ಲ! ತಂದೆತಾಯಿಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಗೌರವಿಸಲಿ ಎಂಬಂಥ ಮಾತುಗಳಿವೆ. ಮತ್ತೊಂದು ಮಾತಿದೆ: ಸ್ವರ್ಗ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತದೆ.

ಈಗ ಕೊನೆಯ ಸಾಲು ನೋಡಿ. ಬರೆದವನು ಚಪಡ, ಲಿಪಿಕಾರ. ಶಾಸನವೆಲ್ಲ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. 'ಲಿಪಿಕಾರ' ಎಂಬ ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ! ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದಲ್ಲಿ, ಗಾಂಧಾರದ ಕಡೆ. ಚಪಡ ಅಲ್ಲಿ ಕೆಲಸ ಕಲಿತು ಬಂದವನಿರಬೇಕು ಅನ್ನೋದು ವಿದ್ವಾಂಸರ ಊಹೆ. ಮೊಳಕಾಲ್ಮೂರಿನ ಬೆಟ್ಟದಲ್ಲಿ ಅದನ್ನು ಯಾರು ಓದಬೇಕಿತ್ತು? (ಬೇರೆಯವರ ಪ್ರಾಜೆಕ್ಟಿನ ಕೋಡಿನಲ್ಲಿ, ಯಾರೂ ತೆರೆಯದ ಫೈಲಿನ ಕಾಮೆಂಟಿನಲ್ಲಿ ಹೆಸರು ಬರೆದಿಟ್ಟು ಬಂದವನು ನಾನು. ಹಾಗಾಗಿ ನನಗೆ ಸ್ವಲ್ಪ ಅರ್ಥವಾಗುತ್ತದೆ.)

ಮತ್ತೂ ಒಂದು ತಮಾಷೆ. ಈ ಮೂರೂ ಶಾಸನಗಳಲ್ಲಿ 'ಅಶೋಕ' ಎಂಬ ಹೆಸರೇ ಇಲ್ಲ, ಬರೀ 'ದೇವಾನಾಂಪ್ರಿಯ'. ಆ ಬಿರುದಿನ ಜೊತೆ ಹೆಸರೂ ಇರುವ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಕಂಡುಹಿಡಿದ ಬೀಡನ್ ಒಬ್ಬ ಗಣಿ ಎಂಜಿನಿಯರ್. ಅಂತೂ ರಾಜನ ಹೆಸರಿಲ್ಲದ ಕಡೆ ಗುಮಾಸ್ತೆಯ ಹೆಸರಿದೆ.

ಬಂಡೆಯ ಪಕ್ಕ ಕೂತಾಗ 'ನಾಗರಹಾವು' ನೆನಪಾಯಿತು. ತಳುಕಿನ ಮನೆತನದ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಚಿತ್ರ. ಕೋಟೆ, ಪ್ರೇಮ, ಹೊಡೆದಾಟ, ಓಬವ್ವ ಎಲ್ಲಾ ಇವೆ. ಆದರೂ ಅದು ಚೆಲ್ಲಾಪಿಲ್ಲಿ ಆಗದಿರುವುದು ಚಾಮಯ್ಯ ಮೇಷ್ಟ್ರಿಂದ. ಗುರುವಿನ ಪ್ರೀತಿ ಶಿಷ್ಯನನ್ನು ಉಳಿಸುತ್ತದೋ ಮುಳುಗಿಸುತ್ತದೋ ಅನ್ನುವ ಒಂದೇ ಪ್ರಶ್ನೆ ರಾಮಾಚಾರಿಯನ್ನು ಕೊನೆಯವರೆಗೂ ಅಟ್ಟಿಸಿಕೊಂಡು ಬರುತ್ತದೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಹಾಗೆ ಅಟ್ಟುವಂಥದ್ದು ಏನೂ ಇರಲಿಲ್ಲ. 'ಶಾಂತಿ' ಅಂತ ಮೇಲೆ ಬರೆದು ಅಂಟಿಸಿದ್ದರೂ ಅದು ಲೇಬಲ್ ಆಗುತ್ತಿತ್ತು ಅಷ್ಟೇ.

ಈಗ ಪ್ರಶ್ನೆ ಸಿಕ್ಕಿತ್ತು. ಇನ್ನೊಬ್ಬರ ಮಾತನ್ನು ಬರೆಯುತ್ತಾ ಬದುಕು ಸವೆಸುವವನಿಗೆ ತನ್ನದೂ ಒಂದು ಗುರುತು ಉಳಿಯಬೇಕು ಅನ್ನಿಸಿದರೆ ಅದು ಅಹಂಕಾರವೋ, ಹಕ್ಕೋ? ಕಳಿಂಗದ ಹದಿಮೂರು ದೃಶ್ಯಗಳನ್ನು ಅವತ್ತು ರಾತ್ರಿಯೇ ಡಿಲೀಟ್ ಮಾಡಿದೆ. ಹೊಟ್ಟೆ ಉರಿಯಿತು, ನಿಜ. ಅದರಲ್ಲಿ ಆನೆಗಳಿದ್ದವು.

ಮುಂದಿನ ಶನಿವಾರ ಹೊಸ ಮೊದಲ ದೃಶ್ಯ ಓದಿದೆ: ಜಾತ್ರೆ, ಬಂಡೆ, ಬಳೆಗಾರ ಬಟ್ಟೆ ಹಾಸುತ್ತಾನೆ, ಅದರಡಿ ಅರೆಮಾಸಿದ ಅಕ್ಷರ.

"ಅಶೋಕ ಯಾವಾಗ ಬರ್ತಾನೆ?" ಅಂದ ಗೆಳೆಯ.

"ಬರೋದಿಲ್ಲ" ಅಂದೆ.