ಕಬ್ಬು ನಮ್ಮಲ್ಲಿ, ಕಾಗದ ದಾಂಡೇಲಿಯಲ್ಲಿ: ಯಾಕೆ ಹೀಗಾಯಿತು?

ಹಂಗಾಮು ಶುರುವಾದರೆ ಮುಗಳಖೋಡದ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರ್. ನೂರು ಟನ್ ಕಬ್ಬು ನುರಿಸಿದರೆ ಸುಮಾರು 30 ಟನ್ ಹಸಿ ಸಿಪ್ಪೆ ಉಳಿಯುತ್ತದೆ. ಕಾರ್ಖಾನೆಯವರು ಅದನ್ನು ಬಗ್ಯಾಸ್ ಅನ್ನುತ್ತಾರೆ. ಅದರಿಂದ ಕಾಗದ ಮಾಡಬಹುದು. ಆದರೂ ನಮ್ಮ ಭಾಗದ ದೊಡ್ಡ ಕಾಗದದ ಕಾರ್ಖಾನೆ ಎದ್ದದ್ದು ದಾಂಡೇಲಿಯ ಕಾಡಿನಲ್ಲಿ. ಯಾಕೆ?

ಅದು ಪಂಚವಾರ್ಷಿಕ ಯೋಜನೆಗಳ ಕಾಲ. ದೇಶಕ್ಕೆ ಎಷ್ಟು ಕಾಗದ ಬೇಕು ಎಂದು ದಿಲ್ಲಿ ಲೆಕ್ಕ ಹಾಕುತ್ತಿತ್ತು. 1951ರ ಕಾಯ್ದೆಯಂತೆ ದೊಡ್ಡ ಕಾರ್ಖಾನೆಗೆ ಕೇಂದ್ರದ ಲೈಸೆನ್ಸ್ ಬೇಕಿತ್ತು. ಬಿದಿರು ಮಾತ್ರ ರಾಜ್ಯದ ಅರಣ್ಯ ಇಲಾಖೆಯ ಕೈಯಲ್ಲಿತ್ತು.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. 1959ರಲ್ಲಿ ದಾಂಡೇಲಿಯಲ್ಲಿ ಉತ್ಪಾದನೆ ಆರಂಭವಾಯಿತು. ಕಾಳಿ ನದಿಯ ನೀರಿತ್ತು, ಸುತ್ತಲೂ ಬಿದಿರಿತ್ತು. ಎಲ್ಲಕ್ಕಿಂತ ದೊಡ್ಡ ಅನುಕೂಲ ದರದ್ದು. ಸರ್ಕಾರ ಟನ್ನಿಗೆ ಒಂದು ರೂಪಾಯಿಯ ಆಸುಪಾಸಿನಲ್ಲಿ ಬಿದಿರು ಕೊಟ್ಟಿತು. ಬುಟ್ಟಿ, ಮರ ಹೆಣೆಯುವ ಮೇದಾರರು ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ಕೊಡಬೇಕಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅಗ್ಗದ ಮಾಲನ್ನು ಯಾರು ಜತನ ಮಾಡುತ್ತಾರೆ? ಹತ್ತಿರದ ಬಿದಿರು ಸಾಲದಾಗಿ, ಕಾರ್ಖಾನೆ ಬೇರೆ ರಾಜ್ಯಗಳಿಂದ ತರಿಸಬೇಕಾಯಿತು.

ಬಗ್ಯಾಸ್‌ನ ಕಥೆ ಬೇರೆ. ಸಕ್ಕರೆ ಕಾರ್ಖಾನೆಗಳು ಅದನ್ನು ತಮ್ಮ ಬಾಯ್ಲರ್‌ಗೇ ಉರಿಸುತ್ತವೆ. ಕಾಗದಕ್ಕೆ ಬೇಕೆಂದರೆ ಬದಲಿಗೆ ಕಲ್ಲಿದ್ದಲೋ ಬೇರೆ ಉರುವಲೋ ಕೊಡಬೇಕು. ಬಿದಿರು ಹೆಚ್ಚೂಕಡಿಮೆ ಪುಕ್ಕಟೆ ಸಿಗುವಾಗ ಆ ಉಸಾಬರಿ ಯಾರಿಗೆ ಬೇಕು? ಹಾಗಂತ ಅದು ಆಗದ ಕೆಲಸವೇನಲ್ಲ. ಮಂಡ್ಯ ಜಿಲ್ಲೆಯ ಬೆಳಗೊಳದಲ್ಲಿ ಬಗ್ಯಾಸ್ ಕಾಗದದ ಪ್ರಯತ್ನ ನಡೆದಿತ್ತು, ಆ ಕಾರ್ಖಾನೆ ಮುಂದೆ ಮುಚ್ಚಿತು. ತಮಿಳುನಾಡು ಸರ್ಕಾರ ಕರೂರಿನ ಹತ್ತಿರ ಕಟ್ಟಿದ ಕಾರ್ಖಾನೆ 1984ರಿಂದ ಬಗ್ಯಾಸ್‌ನಿಂದ ಕಾಗದ ಮಾಡುತ್ತಿದೆ. ಸಕ್ಕರೆ ಕಾರ್ಖಾನೆಗಳಿಗೆ ಬದಲಿ ಇಂಧನದ ವ್ಯವಸ್ಥೆ ಮಾಡಿದ್ದೇ ಅದರ ಗುಟ್ಟು.

ಅಂದರೆ ಕಾರ್ಖಾನೆಯ ಜಾಗವನ್ನು ನದಿ, ಕಾಡು ಮಾತ್ರ ನಿರ್ಧರಿಸಲಿಲ್ಲ. ಕಚ್ಚಾಮಾಲಿಗೆ ಸರ್ಕಾರ ಕಟ್ಟಿದ ಬೆಲೆಯೂ ನಿರ್ಧರಿಸಿತು. ಆ ಬೆಲೆ ಕಟ್ಟುವಾಗ ಮೇದಾರರನ್ನು ಯಾರೂ ಕೇಳಲಿಲ್ಲ.

2025ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಗುರ್ಲಾಪುರದಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಿದ್ದು ನಿಮಗೆ ನೆನಪಿದೆ. ನಾವು ಕೊಡುವ ಕಬ್ಬಿನಲ್ಲಿ ಸಕ್ಕರೆಯಷ್ಟೇ ಇಲ್ಲ, ಸಿಪ್ಪೆಯೂ ಇದೆ, ಅದರಿಂದ ಈಗ ಕರೆಂಟೂ ಬರುತ್ತದೆ. ದರದ ಮಾತು ಬಂದಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳೋಣ.